ಅಮ್ಮನಿಗೊಂದು ಕಾಗದ, ಬಾಸ್ ಗಿಟಾರಿನ ಜೊತೆ

ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿನಿಂದ ಸನ್ನಿ ಎಂಬ ಹುಡುಗ ಅಮ್ಮನಿಗೆ ಕಾಗದ ಬರೆಯುತ್ತಾನೆ. ಬಸ್ಸಿಗೆ ಕಾಯುತ್ತಿದ್ದಾಗ ಪೊಲೀಸರು ತಮ್ಮ ಜಿಮ್‌ನನ್ನು ಹಿಡಿದು ಬಡಿದರು. ಬಿಡಿಸಲು ಹೋದ ಸನ್ನಿಯ ಏಟಿಗೆ ಒಬ್ಬ ಪೊಲೀಸ್ ಸತ್ತ. ತಮ್ಮನನ್ನು ನೋಡಿಕೊಳ್ಳುತ್ತೇನೆಂದು ಅಮ್ಮನಿಗೆ ಕೊಟ್ಟ ಮಾತು ತಪ್ಪಿತಲ್ಲ ಎಂಬುದೇ ಅವನ ಸಂಕಟ. ಬರೀ ಅನುಮಾನದ ಮೇಲೆ ಜನರನ್ನು ಹಿಡಿಯಲು ಅವಕಾಶವಿದ್ದ 1824ರ ಕಾಯ್ದೆಯ ವಿರುದ್ಧ ಬರೆದ ಈ ಕವಿತೆ, ‘ಸನ್ನೀಸ್ ಲೆಟ್ಟಾ’, 1979ರಲ್ಲಿ ರೆಗೆ ಸಂಗೀತದೊಂದಿಗೆ ರೆಕಾರ್ಡಾಗಿ ಬಂತು. ಆ ಅವಕಾಶ ರದ್ದಾದದ್ದು 1981ರಲ್ಲಿ.

ಕವಿ ಲಿಂಟನ್ ಕ್ವೇಸಿ ಜಾನ್ಸನ್ ಹುಟ್ಟಿದ್ದು 1952ರಲ್ಲಿ, ಜಮೈಕಾದಲ್ಲಿ. ಅಮ್ಮ ಲಂಡನ್ನಿಗೆ ಹೋದ ಮೇಲೆ ಹಳ್ಳಿಯಲ್ಲಿ ಅಜ್ಜಿಯ ಬಳಿ ಉಳಿದ ಹುಡುಗ, ಅಜ್ಜಿಗೆ ಬೈಬಲ್ ಓದಿ ಹೇಳುತ್ತಿದ್ದ. 1963ರಲ್ಲಿ ಅವನೂ ಲಂಡನ್ ಸೇರಿದ. ಶಾಲೆಯಲ್ಲಿದ್ದಾಗಲೇ ಬ್ಲ್ಯಾಕ್ ಪ್ಯಾಂಥರ್ ಚಳವಳಿಗೆ ಸೇರಿ ಅಲ್ಲಿ ಡುಬಾಯ್ಸ್ ಅವರ ಪುಸ್ತಕ ಓದಿದ. ‘ರಾಸ್ತಾ ಲವ್’ ಎಂಬ ತಂಡದ ಡ್ರಮ್ಮುಗಳ ಜೊತೆ ಕವಿತೆ ಹೇಳುವುದನ್ನು ಕಲಿತ.

ಎರಡನೆಯ ಸಂಕಲನ ‘ಡ್ರೆಡ್ ಬೀಟ್ ಆನ್ ಬ್ಲಡ್’ 1975ರಲ್ಲಿ ಬಂತು. ಅದರ ಕಾಗುಣಿತ ಜಮೈಕಾದವರ ನಾಲಿಗೆಯದು. ‘ರತ್ನನ ಪದಗಳು’ ಓದಿದ ನಮಗೆ ಇದು ತೀರ ಅಪರಿಚಿತವಲ್ಲ. ಜೋರಾಗಿ ಓದಿದರೇ ಅರ್ಥ ಬಿಚ್ಚಿಕೊಳ್ಳುತ್ತದೆ. ಛಂದಸ್ಸೂ ಇಂಗ್ಲಿಷ್ ಪದ್ಯದ್ದಲ್ಲ, ರೆಗೆಯ ಬಾಸ್ ಗಿಟಾರಿನದು. ಹಾಡಿನಿಂದ ಗಾಯಕನ ದನಿಯನ್ನು ತೆಗೆದು ಡ್ರಮ್ಮು, ಬಾಸುಗಳನ್ನು ಮುಂದೆ ತರುವ ವಿಧಾನಕ್ಕೆ ಜಮೈಕಾದಲ್ಲಿ ‘ಡಬ್’ ಎನ್ನುತ್ತಾರೆ. ಹಾಗೆ ತೆರವಾದ ಜಾಗದಲ್ಲಿ ಜಾನ್ಸನ್ ಹಾಡದೆ, ಶಾಂತವಾಗಿ, ತಾಳ ತಪ್ಪದೆ ಮಾತಾಡಿದರು. ಬಾರ್ಬಡೋಸ್ ಮೂಲದ ಡೆನಿಸ್ ಬೋವೆಲ್ ಸಂಗೀತಕ್ಕೆ ಜೊತೆಯಾದರು.

1981ರ ಜನವರಿ 18ರಂದು ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಹುಟ್ಟುಹಬ್ಬದ ಮನೆಗೆ ಬೆಂಕಿ ಬಿದ್ದು 13 ಕಪ್ಪು ಯುವಜನರು ಸತ್ತರು. ಮಾರ್ಚ್ 2ರಂದು ಸಾವಿರಾರು ಜನ ಬೀದಿಗಿಳಿದರು. ಅದರ ಮೇಲೆ ಜಾನ್ಸನ್ ಬರೆದ ಕವಿತೆ 1984ರ ‘ಮೇಕಿಂಗ್ ಹಿಸ್ಟರಿ’ ರೆಕಾರ್ಡಿನಲ್ಲಿದೆ. ಸಾವಿನ ಅಧಿಕೃತ ವಿಚಾರಣೆ 1981ರಲ್ಲೂ 2004ರಲ್ಲೂ ನಡೆಯಿತು. ಎರಡು ಸಲವೂ ಕಾರಣ ಇಂಥದ್ದೇ ಎಂಬ ತೀರ್ಮಾನ ಬರಲಿಲ್ಲ.

2002ರಲ್ಲಿ ಪೆಂಗ್ವಿನ್ ತನ್ನ ‘ಮಾಡರ್ನ್ ಕ್ಲಾಸಿಕ್ಸ್’ ಮಾಲೆಯಲ್ಲಿ ಇವರ ಕವಿತೆಗಳನ್ನು ತಂದಿತು. ಆ ಮಾಲೆಗೆ ಸೇರಿದ ಮೊದಲ ಕಪ್ಪು ಕವಿ ಇವರು. 2020ರಲ್ಲಿ ಪೆನ್ ಪಿಂಟರ್ ಪ್ರಶಸ್ತಿ ಬಂತು. ಈ ಗೌರವಕ್ಕಾಗಿ ಅವರು ಕಾಗುಣಿತ ತಿದ್ದಿಕೊಳ್ಳಲಿಲ್ಲ.

ಹೊರನಾಡಿನಲ್ಲಿ ಮನೆಮಾತು ಅಡುಗೆಮನೆ, ಫೋನು, ಹಬ್ಬಗಳಿಗಷ್ಟೇ ಸಾಕೆಂದು ನಾವು ಬಲುಬೇಗ ಒಪ್ಪಿಬಿಡುತ್ತೇವೆ. ಜಾನ್ಸನ್ ಅದೇ ಮಾತಿನಲ್ಲಿ ಪೊಲೀಸ್ ಠಾಣೆಯ ಬಗ್ಗೆ, ಕೋರ್ಟಿನ ಬಗ್ಗೆ, ಕೂಲಿಯ ಬಗ್ಗೆ ಬರೆದರು. ವಲಸೆ ಬಂದ ಒಂದು ಜನಸಮುದಾಯದ ಇತಿಹಾಸವನ್ನು ಇಂದು ಆ ರೆಕಾರ್ಡುಗಳಲ್ಲಿ ಕೇಳಬಹುದು. ಕೇಳುವಾಗ ಪುಸ್ತಕವನ್ನೂ ಎದುರಿಗಿಟ್ಟುಕೊಳ್ಳಿ.