ವಿಧವೆಯ ಪಾಲು ಮತ್ತು ಹೊಲದ ಪ್ರಶ್ನೆ

ಕ್ರಿ.ಶ. 625ರ ಉಹುದ್ ಕದನದಲ್ಲಿ ಮದೀನಾದ ಸಅದ್ ಬಿನ್ ರಬೀ ಮಡಿದಾಗ ಆತನ ಸ್ವತ್ತನ್ನೆಲ್ಲ ಸಹೋದರನೇ ವಶಪಡಿಸಿಕೊಂಡನೆಂದೂ, ಇಬ್ಬರು ಹೆಣ್ಣುಮಕ್ಕಳೊಡನೆ ಬರಿಗೈಯಾದ ವಿಧವೆ ಪ್ರವಾದಿ ಮುಹಮ್ಮದರಲ್ಲಿ ದೂರಿಕೊಂಡಳೆಂದೂ ಪ್ರವಾದಿಯ ನಡೆನುಡಿಗಳ ವರದಿಗಳಾದ ಹದೀಸ್ ಸಂಗ್ರಹಗಳು ತಿಳಿಸುತ್ತವೆ. ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿರುವ ದಾಯವಿಭಾಗದ ನಿಯಮದಂತೆ ಆ ಸ್ವತ್ತನ್ನು 24 ಪಾಲು ಮಾಡಿದರೆ ಹೆಣ್ಣುಮಕ್ಕಳಿಗೆ 16, ವಿಧವೆಗೆ 3, ಸಹೋದರನಿಗೆ ಉಳಿದ 5 ಮಾತ್ರ ಸಲ್ಲುತ್ತವೆ. ಗಂಡನಿಗೆ ಮಕ್ಕಳಿದ್ದರೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು ಭಾಗ ವಿಧವೆಯದು. ಹೆಂಡತಿಯರು ಹಲವರಿದ್ದರೆ ಅದನ್ನೇ ಹಂಚಿಕೊಳ್ಳಬೇಕು. ಹೆಂಡತಿಯನ್ನು ಕಳೆದುಕೊಂಡ ಗಂಡನಿಗೆ ಇದರ ಇಮ್ಮಡಿ ಸಿಗುವುದರಿಂದ ಇದನ್ನು ಸಮಪಾಲು ಎನ್ನಲಾಗದು. ಆದರೂ ವಿಧವೆಗೆ ದೊರೆತದ್ದು ಜೀವನಾಂಶವಲ್ಲ, ಪೂರ್ಣ ಒಡೆತನ.

ಗಂಡ ತೀರಿಕೊಂಡ ಮೇಲೆ ಆಕೆ ಕಾಯಬೇಕಾದ ಅವಧಿಗೆ ಇದ್ದತ್ ಎಂದು ಹೆಸರು. ಅದು ನಾಲ್ಕು ತಿಂಗಳು ಹತ್ತು ದಿನ. ಗರ್ಭಿಣಿಗೆ ಹೆರಿಗೆಯವರೆಗೆ ಎಂಬುದು ಸುನ್ನಿ ನ್ಯಾಯಪಂಥಗಳ ಪ್ರಬಲ ಮತ. ಅನಂತರ ಮರುಮದುವೆಯಾದರೂ ಮೊದಲ ಗಂಡನಿಂದ ಬಂದ ಪಾಲು ಕೈತಪ್ಪದು. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ಅನುಮತಿ ನೀಡುತ್ತಲೇ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಿತ್ತುಕೊಂಡಿತ್ತೆಂಬುದನ್ನು ನೆನೆದರೆ ಈ ನಿಯಮದ ತೂಕ ತಿಳಿಯುತ್ತದೆ.

ಮದುವೆಯಲ್ಲಿ ವರನು ವಧುವಿಗೆ ಕೊಡಲು ಒಪ್ಪಿದ ಮಹರ್ ಬಾಕಿಯಿದ್ದರೆ ಅದು ಸಾಲವೆನಿಸುವುದರಿಂದ ವಾರಸುದಾರರ ಹಂಚಿಕೆಗೆ ಮೊದಲೇ ತೀರಬೇಕು. ಅದು ತೀರುವವರೆಗೆ, ತನ್ನ ವಶಕ್ಕೆ ನ್ಯಾಯವಾಗಿ ಬಂದ ಆಸ್ತಿಯನ್ನು ವಿಧವೆ ಬಿಟ್ಟುಕೊಡಬೇಕಿಲ್ಲ. ಆದರೆ ಹಾಗೆ ಹಿಡಿದಿಟ್ಟುಕೊಂಡ ಮಾತ್ರಕ್ಕೆ ಅದನ್ನು ದಾನ ಕೊಡುವ ಅಧಿಕಾರ ಆಕೆಗೆ ಬರುವುದಿಲ್ಲವೆಂದು ಮೈನಾ ಬೀಬಿ ಎಂಬ ವಿಧವೆಯ ಪ್ರಕರಣದಲ್ಲಿ, ಬ್ರಿಟಿಷ್ ಆಳ್ವಿಕೆಯ ಕಾಲದ ಅಂತಿಮ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

ಗ್ರಂಥದಲ್ಲಿದ್ದ ಹಕ್ಕು ಹೊಲದಲ್ಲಿ ನಡೆಯಲಿಲ್ಲ. ಪಂಜಾಬಿನ ಮುಸ್ಲಿಂ ಬೇಸಾಯಗಾರರಲ್ಲಿ ಷರೀಯತ್ತಿಗಿಂತ ರೂಢಿಯೇ ಮೇಲಾಗಿತ್ತು: ಗಂಡುಮಕ್ಕಳಿಲ್ಲದ ವಿಧವೆ ಸಾಯುವ ತನಕ ಅಥವಾ ಮರುಮದುವೆಯಾಗುವ ತನಕ ಜಮೀನನ್ನು ಅನುಭವಿಸಬಹುದಿತ್ತು, ಅಷ್ಟೆ. ಇಂಥ ರೂಢಿಗಳನ್ನು ಬದಿಗೊತ್ತಲು ಬಂದ 1937ರ ಷರೀಯತ್ ಅನ್ವಯ ಕಾಯ್ದೆ ಕೃಷಿ ಜಮೀನನ್ನು ಮಾತ್ರ ಹೊರಗಿಟ್ಟಿತು. ಅದರ ಉತ್ತರಾಧಿಕಾರ 1935ರ ಭಾರತ ಸರ್ಕಾರ ಕಾಯ್ದೆಯಡಿ ಪ್ರಾಂತ್ಯಗಳ ವಿಷಯವಾಗಿತ್ತೆಂಬುದು ಸಕಾರಣವೇ ಆದರೂ, ಹೊಲವೇ ಸಂಪತ್ತಾಗಿದ್ದ ಕಡೆ ವಿಧವೆಗೆ ಉಳಿದದ್ದು ಅಲ್ಪ. ಮದ್ರಾಸ್ ಪ್ರಾಂತ್ಯವು 1949ರ ತಿದ್ದುಪಡಿಯಿಂದ ಈ ವಿನಾಯಿತಿಯನ್ನು ತೆಗೆದುಹಾಕಿತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು.