ಉರಿದದ್ದು ಮತ್ತೆ ಉರಿದೀತೆ?

ಕಲ್ಲಿದ್ದಲಾಗಲಿ, ಪೆಟ್ರೋಲಾಗಲಿ ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಒಂದು ಬಗೆಯ ಬೂದಿಯೇ ಸರಿ. ಅದು ಮತ್ತೆ ಉರಿಯದು. ಕಾರ್ಖಾನೆಯ ಚಿಮಣಿಯಲ್ಲೇ ಅದನ್ನು ಹಿಡಿದು ಮರಳಿ ಇಂಧನವಾಗಿಸುವ ಮಾತು ಈಗ ಹೊಸದೆಂಬಂತೆ ಕೇಳಿಬರುತ್ತಿದೆ. ಆದರೆ ಅದರ ಹಿಂದಿನ ರಸಾಯನ ವಿದ್ಯೆಗೆ ನೂರು ವರ್ಷ ಮೀರಿದೆ.

ಫ್ರಾನ್ಸಿನ ಟೂಲೂಸ್ ನಗರದಲ್ಲಿ ಪಾಲ್ ಸಬಾಟ್ಯೇ ಮತ್ತು ಅವರ ಸಹೋದ್ಯೋಗಿ, ಪಾದ್ರಿ ಸೆಂಡರೆನ್ಸ್ 1902ರಲ್ಲಿ ಈ ಅನಿಲವನ್ನು ಜಲಜನಕದೊಡನೆ ಕಾದ ನಿಕಲ್ ಪುಡಿಯ ಮೇಲೆ ಹಾಯಿಸಿದರು. ದೊರೆತದ್ದು ನೀರು ಮತ್ತು ಉರಿಯಬಲ್ಲ ಮೀಥೇನ್. ಲೋಹದ ಪುಡಿಯ ನೆರವಿನಿಂದ ಜಲಜನಕವನ್ನು ಕೂಡಿಸುವ ವಿಧಾನಕ್ಕಾಗಿ 1912ರ ನೊಬೆಲ್ ಪ್ರಶಸ್ತಿಯಲ್ಲಿ ಸಬಾಟ್ಯೇಗೆ ಪಾಲು ಸಂದಿತು.

ವಿದ್ಯೆ ತಿಳಿದಿದ್ದರೂ ಅದು ಬಳಕೆಗೆ ಬರಲು ಇಷ್ಟು ಕಾಲ ಹಿಡಿದದ್ದೇಕೆ? ಉತ್ತರ ಜಲಜನಕದ ಲೆಕ್ಕದಲ್ಲಿದೆ. 44 ಕಿಲೊ ಇಂಗಾಲದ ಡೈಆಕ್ಸೈಡಿಗೆ 6 ಕಿಲೊ ಜಲಜನಕ ಕೂಡಿದರೆ 32 ಕಿಲೊ ಮೆಥನಾಲ್ ಎಂಬ ದ್ರವ ಇಂಧನವೂ 18 ಕಿಲೊ ನೀರೂ ಸಿಗುತ್ತವೆ. ವಿದ್ಯುತ್ ಹಾಯಿಸಿ ನೀರನ್ನು ಒಡೆದು ಅಷ್ಟು ಜಲಜನಕ ಪಡೆಯಲು ಸುಮಾರು 300 ಯೂನಿಟ್ ಬೇಕು. ಆ ಮೆಥನಾಲ್ ಉರಿದು ಕೊಡುವ ಶಾಖವಾದರೋ ಸುಮಾರು 200 ಯೂನಿಟ್‌ಗೆ ಸಮ. ಅಂದರೆ ಇದು ಶಕ್ತಿಯ ಗಣಿಯಲ್ಲ, ಶಕ್ತಿಯನ್ನು ತುಂಬಿಡುವ ಪಾತ್ರೆ. ಅದೂ ಸೋರುವ ಪಾತ್ರೆ.

ಹಾಗಿದ್ದರೂ ಪಾತ್ರೆಗೆ ಬೆಲೆಯಿದೆ. ದ್ರವ ಇಂಧನವನ್ನು ಸುಲಭವಾಗಿ ಕೂಡಿಡಬಹುದು, ಹಡಗಿಗೆ ತುಂಬಬಹುದು. 1994ರಲ್ಲಿ ನೊಬೆಲ್ ಪಡೆದ, ಹಂಗೇರಿ ಮೂಲದ ಜಾರ್ಜ್ ಓಲಾ ಮೆಥನಾಲ್ ಪರವಾಗಿ ವಾದಿಸಿದ್ದು ಹೀಗೆಯೇ. ಅವರ ಹೆಸರಿನ ಘಟಕ 2012ರಲ್ಲಿ ಐಸ್‌ಲ್ಯಾಂಡಿನಲ್ಲಿ ಆರಂಭವಾಯಿತು. ಅಲ್ಲಿ ನೆಲದೊಳಗಿನ ಬಿಸಿಯಿಂದ ವಿದ್ಯುತ್ ಸಿಗುತ್ತದೆ. ಮೇಲೇಳುವ ಹಬೆಯೊಡನೆ ಇಂಗಾಲದ ಡೈಆಕ್ಸೈಡೂ ಬರುತ್ತದೆ. 2015ರಲ್ಲಿ ಘಟಕದ ಸಾಮರ್ಥ್ಯ ವರ್ಷಕ್ಕೆ 4,000 ಟನ್ನಿಗೆ ಏರಿತು. 2022ರಲ್ಲಿ ಚೀನದ ಆನ್‌ಯಾಂಗ್‌ನಲ್ಲಿ 1,10,000 ಟನ್ ಸಾಮರ್ಥ್ಯದ ಘಟಕ ಶುರುವಾಯಿತು. ಆದರೆ ಅದಕ್ಕೆ ಜಲಜನಕ ಒದಗಿದ್ದು ಕಲ್ಲಿದ್ದಲನ್ನು ಕೋಕ್ ಮಾಡುವ ಒಲೆಗಳ ಅನಿಲದಿಂದ.

ಈ ಯತ್ನದಲ್ಲಿ ಬೆಂಗಳೂರಿನ ಹೆಸರೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅವರ ತಂಡ ಮೆಥನಾಲ್ ತಯಾರಿಕೆಯ ವಿಧಾನದೊಂದಿಗೆ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ 10 ತಂಡಗಳಲ್ಲಿ ಒಂದಾಯಿತು.

ಮೆಥನಾಲ್ ಉರಿದರೆ ಹಿಡಿದಿಟ್ಟ ಅನಿಲ ಮತ್ತೆ ಗಾಳಿಗೇ ಸೇರುತ್ತದೆ. ನಡುವೆ ಒಂದಿಷ್ಟು ಪೆಟ್ರೋಲೋ ಡೀಸೆಲೋ ಉಳಿದರೆ ಅದೇ ಲಾಭ. ಆದರೆ ಜಲಜನಕಕ್ಕಾಗಿ ಕಲ್ಲಿದ್ದಲನ್ನೇ ಸುಟ್ಟು ವಿದ್ಯುತ್ ತಯಾರಿಸಿದರೆ, ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚಾದೀತು. ಬಿಸಿಲು, ಗಾಳಿ, ಭೂಶಾಖಗಳ ವಿದ್ಯುತ್ ಅಗ್ಗವಾಗಿ ಒದಗುವಲ್ಲಿ ಮಾತ್ರ ಸಬಾಟ್ಯೇ ತೋರಿದ ದಾರಿ ಊರು ಮುಟ್ಟೀತು.