ಅರ್ಧಕಥಾನಕದಲ್ಲಿ ಊರು ಮತ್ತು ಮನುಷ್ಯರು

ಪ್ರಾಚೀನ ಕನ್ನಡ ಕವಿಗಳು ತಮ್ಮ ಬಗೆಗೆ ಹೇಳಿಕೊಂಡದ್ದು ಬಹುಮಟ್ಟಿಗೆ ವಂಶ, ಗುರು, ಆಶ್ರಯದಾತರ ವಿವರ. ರನ್ನನು ತಾನು ಬಳೆಗಾರ ಕುಲದವನೆಂದು ಹೇಳಿದನೇ ಹೊರತು ಆ ಮನೆಯ ಅಂಗಳವನ್ನು ತೋರಿಸಲಿಲ್ಲ. ಕವಿಯ ಬದುಕೇ ವಸ್ತುವಾಗುವ ಅಪರೂಪದ ಜೈನಕೃತಿ 1641ರಲ್ಲಿ ಆಗ್ರಾದಲ್ಲಿ ಹುಟ್ಟಿತು. ವ್ಯಾಪಾರಿ ಬನಾರಸೀದಾಸನ ‘ಅರ್ಧಕಥಾನಕ’ವೇ ಅದು. ದೋಹಾ, ಚೌಪಾಈಗಳಲ್ಲಿ ಸಾಗುವ ಇದರಲ್ಲಿ 675 ಪದ್ಯಗಳಿವೆ. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದೂ ತನಗೆ 55 ಆಗಿರುವುದರಿಂದ ಇದು ಅರ್ಧಕಥೆಯೆಂದೂ ಅವನ ಲೆಕ್ಕ. ಹೆಸರಿನಲ್ಲಿಯೇ ವ್ಯಾಪಾರಿಯ ಖಾತೆಯ ವಾಸನೆಯಿದೆ.

ಗೋಮತೀ ತೀರದ ಜೌನಪುರ ಅವನ ಹುಟ್ಟೂರು. ಪುರವರ್ಣನೆಯ ಹಳೆಯ ಪದ್ಧತಿಯನ್ನು ಅವನು ಬಿಟ್ಟಿಲ್ಲ. ಮೂವತ್ತಾರು ಕಸಬಿನವರ ಪಟ್ಟಿಯನ್ನೇ ಕೊಡುತ್ತಾನೆ. ಆದರೆ ಊರು ಜೀವ ತಳೆಯುವುದು ಆ ಪಟ್ಟಿಯಿಂದಲ್ಲ, ಭಯದಿಂದ. ಅಧಿಕಾರಿ ಕಿಲಿಚ್ ಖಾನನು ರತ್ನವ್ಯಾಪಾರಿಗಳನ್ನು ಸೆರೆಹಿಡಿದು ಚಾಟಿಯಿಂದ ಹೊಡೆಸುತ್ತಾನೆ, ಕುಟುಂಬಗಳು ದಿಕ್ಕಾಪಾಲಾಗುತ್ತವೆ. 1605ರಲ್ಲಿ ಅಕ್ಬರನ ಮರಣವಾರ್ತೆ ಬಂದಾಗ ಅಂಗಡಿಗಳು ಮುಚ್ಚುತ್ತವೆ, ಒಡವೆಗಳು ನೆಲದಡಿ ಸೇರುತ್ತವೆ, ಸಿರಿವಂತರು ಒರಟು ಬಟ್ಟೆ ಉಡುತ್ತಾರೆ. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸಿ ಸುದ್ದಿ ಕೇಳಿ ಉರುಳಿಬಿದ್ದು ತಲೆ ಒಡೆದುಕೊಳ್ಳುತ್ತಾನೆ. ಅರಮನೆಯ ಚರಿತ್ರಕಾರರ ಬರಹದಲ್ಲಿ ಸಿಗದ ಪೇಟೆಯ ಅಕ್ಬರ್ ಇಲ್ಲಿದ್ದಾನೆ.

ಈ ಪ್ರಸಂಗ ಅಲ್ಲಿಗೇ ಮುಗಿಯುವುದಿಲ್ಲ. ಜೋಗಿಯೊಬ್ಬನು ಶಿವನೆಂದು ಕೊಟ್ಟಿದ್ದ ಶಂಖವನ್ನು ಬನಾರಸಿ ಆ ಕಾಲದಲ್ಲಿ ಗುಟ್ಟಾಗಿ ಪೂಜಿಸುತ್ತಿದ್ದ. ಮುಂದೊಂದು ದಿನ ಅವನಿಗೆ ಅನಿಸುತ್ತದೆ: ತಾನು ಬಿದ್ದಾಗ ಆ ಶಿವನೇಕೆ ಕೈಹಿಡಿಯಲಿಲ್ಲ? ಪೂಜೆ ನಿಲ್ಲುತ್ತದೆ. ಸಾಮ್ರಾಜ್ಯದ ಒಂದು ಘಟನೆ ಒಬ್ಬ ಯುವಕನ ಶ್ರದ್ಧೆಯನ್ನು ಅಲುಗಿಸಿದ ಬಗೆಯನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಅವನು ಹೇಳಿಬಿಡುತ್ತಾನೆ.

ಪಾತ್ರಗಳ ವಿಷಯದಲ್ಲಿಯೂ ಇದೇ ರೀತಿ. ಆಗ್ರಾದಲ್ಲಿ ವ್ಯಾಪಾರ ಮುಳುಗಿದ ಮೇಲೆ ಅವನು ಸಂಜೆ ಹತ್ತಾರು ಜನರಿಗೆ ‘ಮಧುಮಾಲತಿ’, ‘ಮೃಗಾವತಿ’ಗಳನ್ನು ಹಾಡಿ ಹೇಳುತ್ತ, ಕಚೋರಿಯವನ ಬಳಿ ಸಾಲದಲ್ಲಿ ಉಣ್ಣುತ್ತ ಕಾಲ ಕಳೆದ. ಒಂದು ದಿನ ಏಕಾಂತದಲ್ಲಿ, ತನ್ನ ಬಳಿ ಹಣವಿಲ್ಲ, ಇನ್ನು ಸಾಲ ಕೊಡಬೇಡವೆಂದ. ಇಪ್ಪತ್ತು ರೂಪಾಯಿಯವರೆಗೂ ತಿನ್ನು, ಯಾರೂ ಏನೂ ಅನ್ನುವುದಿಲ್ಲ ಎಂಬರ್ಥದ ಉತ್ತರ ಬಂತು. ಕೊನೆಗೆ ಬಾಕಿ ನಿಂತದ್ದು ಹದಿನಾಲ್ಕು ರೂಪಾಯಿ. ಆ ಕಚೋರಿಯವನ ಮುಖಲಕ್ಷಣದ ವರ್ಣನೆ ಇಲ್ಲದಿದ್ದರೂ ಓದುಗರು ಅವನನ್ನು ಮರೆಯಲಾರರು. ಸೋತು ಖೈರಾಬಾದಿನ ಮಾವನ ಮನೆಗೆ ಬಂದ ಗಂಡನಿಗೆ ಹೆಂಡತಿ ತಾನು ಕೂಡಿಟ್ಟ ಇಪ್ಪತ್ತು ರೂಪಾಯಿಯನ್ನು ಗುಟ್ಟಾಗಿ ಕೊಡುತ್ತಾಳೆ. ತಾಯಿಯಿಂದ ಇನ್ನೂ ಇನ್ನೂರು ಕೊಡಿಸುತ್ತಾಳೆ. ಪಾತ್ರದ ಗುಣವನ್ನು ವಿಶೇಷಣದಿಂದಲ್ಲ, ಕೈಬದಲಾದ ಹಣದಿಂದ ತೋರಿಸುವುದು ಅವನ ಮಾರ್ಗ.

ಆದರೆ ಒಂಬತ್ತು ಮಕ್ಕಳು? ಒಂಬತ್ತೂ ತೀರಿಕೊಂಡವು. ಅವರ ಪಾಲಿಗೆ ಬಂದದ್ದು ಎಣಿಕೆ ಮಾತ್ರ. ಇದನ್ನು ನಿರ್ಲಿಪ್ತಿಯೆನ್ನುವುದು ಸುಲಭ. ಹೇಳಲಾಗದ ಸಂಕಟವೆಂದು ಓದುವುದೇ ಕೃತಿಗೆ ಹೆಚ್ಚು ನ್ಯಾಯವೆನಿಸುತ್ತದೆ.

ತನ್ನನ್ನೇ ಪಾತ್ರವಾಗಿಸುವಾಗ ಅವನು ಇನ್ನೂ ನಿಷ್ಠುರ. ಕುಂದಕುಂದರ ‘ಸಮಯಸಾರ’ವನ್ನು ಟೀಕೆಯೊಡನೆ ಓದಿ, ಅರೆಬರೆ ಗ್ರಹಿಸಿ, ಕ್ರಿಯಾಚರಣೆಗಳನ್ನೆಲ್ಲ ತೊರೆದ. ಮೂವರು ಗೆಳೆಯರೊಡನೆ ಕೋಣೆಯಲ್ಲಿ ಬೆತ್ತಲೆಯಾಗಿ ಕುಣಿದು, ತಾವೇ ಮುನಿಗಳೆಂದುಕೊಂಡ. ಜನ ಹೀಗಳೆದದ್ದನ್ನೂ ಮುಚ್ಚಿಡಲಿಲ್ಲ. ಈ ಗೊಂದಲ ಬಗೆಹರಿದದ್ದು 1635ರ ಸುಮಾರಿಗೆ, ಪಂಡಿತ ರೂಪಚಂದನು ಆಗ್ರಾದಲ್ಲಿ ‘ಗೊಮ್ಮಟಸಾರ’ವನ್ನು ವ್ಯಾಖ್ಯಾನಿಸಿದಾಗ. ಜೀವನ ಆಧ್ಯಾತ್ಮಿಕ ವಿಕಾಸಕ್ಕೆ ಮೆಟ್ಟಿಲುಗಳಿವೆ, ಆಯಾ ಮೆಟ್ಟಿಲಿಗೆ ತಕ್ಕ ಆಚರಣೆಯಿದೆ ಎಂಬ ಗುಣಸ್ಥಾನದ ತಿಳಿವು ಅಲ್ಲಿ ದೊರೆಯಿತು. ಆ ಗ್ರಂಥದ ಕರ್ತೃ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ, ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರು. ಗಂಗನಾಡಿನ ಪ್ರಾಕೃತ ಗ್ರಂಥವೊಂದು ಆರೂವರೆ ಶತಮಾನಗಳ ಬಳಿಕ ಆಗ್ರಾದ ವರ್ತಕನ ಆತ್ಮಕಥೆಗೆ ತಿರುವು ಕೊಟ್ಟಿತು. ಮರುವರ್ಷ ಅವನು ‘ಸಮಯಸಾರ ನಾಟಕ’ವನ್ನು ಬರೆದು ಮುಗಿಸಿದ.